ಯಾರು ಮಾಡಿದರು? ಬರಹದಿಂದ ‘ಲಾಗಿದೆ’ ಕಳಚಿ ಕರ್ತರಿ ಪ್ರಯೋಗ ತರುವ ಸಮಗ್ರ ಮಾರ್ಗದರ್ಶಿ

ಮನೆ ಮುಂದೆ ಗುಂಡಿ ಕಂಡವರು ‘ರಸ್ತೆ ಅಗೆದಿದ್ದಾರೆ’ ಎನ್ನುತ್ತಾರೆ. ‘ರಸ್ತೆಯನ್ನು ಅಗೆಯಲಾಗಿದೆ’ ಎಂದು ಯಾರೂ ಹೇಳುವುದಿಲ್ಲ. ಅದೇ ಜನ ಪಾಲಿಕೆಗೆ ದೂರು ಬರೆಯಲು ಕೂತರೆ ಸಾಕು, ‘ಸದರಿ ರಸ್ತೆಯನ್ನು ಅಗೆಯಲಾಗಿದ್ದು, ದುರಸ್ತಿಗೊಳಿಸಲಾಗಿರುವುದಿಲ್ಲ’ ಎಂದು ಕೈ ತಾನಾಗಿ ಓಡುತ್ತದೆ. ಬಾಯಲ್ಲಿ ಇಲ್ಲದ ಕನ್ನಡ ಕಾಗದದ ಮೇಲೆ ಬರುತ್ತದೆ. ಅಗೆದವರು ಯಾರು, ಮುಚ್ಚದೆ ಬಿಟ್ಟವರು ಯಾರು ಎಂಬುದು ಮಾಯವಾಗುತ್ತದೆ. ದೂರಿನ ಅರ್ಧ ಬಲ ಅಲ್ಲೇ ಹೋಯಿತು.

ಬರಹ ಗಟ್ಟಿಯಾಗಲು ಕರ್ತರಿ ಪ್ರಯೋಗ (ಮಾಡಿದವರನ್ನು ಮುಂದಿಟ್ಟು ಹೇಳುವ ರೂಪ) ಬಳಸಿ ಎಂಬ ಸಲಹೆ ಇಂಗ್ಲಿಷಿನಲ್ಲಿ ಹಳೆಯದು. ಕನ್ನಡಕ್ಕೆ ಅದು ಇನ್ನೂ ಹೆಚ್ಚು ಹೊಂದುತ್ತದೆ. ಏಕೆಂದರೆ ಇಂಗ್ಲಿಷಿಗೆ ಕರ್ಮಣಿ ಪ್ರಯೋಗ (ಮಾಡಿದವರನ್ನು ಹಿಂದೆ ಸರಿಸಿ ಹೇಳುವ ರೂಪ) ಬೇಕಾಗುವ ಎಷ್ಟೋ ಕಡೆ ಕನ್ನಡಕ್ಕೆ ಅದರ ಅಗತ್ಯವೇ ಇಲ್ಲ. ಅಗತ್ಯ ಏಕಿಲ್ಲ, ಅದನ್ನು ತೆಗೆಯುವುದು ಹೇಗೆ, ಎಲ್ಲಿ ತೆಗೆಯಬಾರದು ಎಂಬುದನ್ನು ಮುಂದೆ ಹಂತ ಹಂತವಾಗಿ ನೋಡೋಣ.

ಮೊದಲು ಎರಡು ರೂಪಗಳ ಪರಿಚಯ

ಶಾಲೆಯ ವ್ಯಾಕರಣದಲ್ಲಿ ಕಲಿತದ್ದು ಇಷ್ಟು: ಕರ್ತರಿಯಲ್ಲಿ ಕರ್ತೃ (ಕೆಲಸ ಮಾಡುವವರು) ಪ್ರಥಮಾ ವಿಭಕ್ತಿಯಲ್ಲಿ, ಕರ್ಮ (ಕೆಲಸ ಯಾವುದರ ಮೇಲೆ ನಡೆಯುತ್ತದೋ ಅದು) ‘ಅನ್ನು’ ಹಚ್ಚಿದ ದ್ವಿತೀಯಾದಲ್ಲಿ, ಕ್ರಿಯಾಪದ ಕರ್ತೃವಿನ ಲಿಂಗ ವಚನಗಳ ಹಿಂದೆ. ‘ಅಕ್ಕ ಪತ್ರವನ್ನು ಬರೆದಳು.’ ಕರ್ಮಣಿಯಲ್ಲಿ ಕರ್ಮ ಪ್ರಥಮಾಕ್ಕೆ ಏರುತ್ತದೆ, ಕರ್ತೃವಿಗೆ ‘ಇಂದ’ ಅಂಟುತ್ತದೆ, ಧಾತುವಿಗೆ ‘ಅಲ್ಪಡು’ ಸೇರುತ್ತದೆ. ‘ಅಕ್ಕನಿಂದ ಪತ್ರವು ಬರೆಯಲ್ಪಟ್ಟಿತು.’

ಆದರೆ ಇವತ್ತಿನ ಬರಹದಲ್ಲಿ ‘ಅಲ್ಪಡು’ವಿಗಿಂತ ಬಹಳ ಹೆಚ್ಚಾಗಿ ಕಾಣುವುದು ಎರಡನೆಯ ರೂಪ: ಮಾಡಲಾಗಿದೆ, ಮಾಡಲಾಯಿತು, ಮಾಡಲಾಗುವುದು. ಇದರ ನಡತೆ ಬೇರೆ. ಇಲ್ಲಿ ಕರ್ಮ ದ್ವಿತೀಯಾದಲ್ಲೇ ಉಳಿಯುತ್ತದೆ: ‘ಸಭೆಯನ್ನು ಮುಂದೂಡಲಾಗಿದೆ.’ ಕರ್ತೃವಿಗೆ ಸಹಜವಾದ ಜಾಗವಿಲ್ಲ; ಹೇಳಲೇಬೇಕೆಂದರೆ ‘ಇಂದ’, ‘ವತಿಯಿಂದ’ ಎಂದು ಹೊರಗಿನಿಂದ ಅಂಟಿಸಬೇಕು. ಕ್ರಿಯಾಪದ ಯಾರನ್ನೂ ಹಿಂಬಾಲಿಸದೆ ನಪುಂಸಕ ಏಕವಚನದಲ್ಲಿ ನಿಂತುಬಿಡುತ್ತದೆ. ಎರಡನ್ನೂ ಬೆರೆಸಿದಾಗ ಹುಟ್ಟುವ ತಪ್ಪುಗಳು ದಿನವೂ ಕಣ್ಣಿಗೆ ಬೀಳುತ್ತವೆ. ‘ಅವನನ್ನು ಬಂಧಿಸಲ್ಪಟ್ಟನು’ ತಪ್ಪು. ‘ಅವನು ಬಂಧಿಸಲ್ಪಟ್ಟನು’ ಅಥವಾ ‘ಅವನನ್ನು ಬಂಧಿಸಲಾಯಿತು’ ಆಗಬೇಕು. ‘ಪೊಲೀಸರು ಅವನನ್ನು ಬಂಧಿಸಿದರು’ ಎಂದು ಬರೆದರೆ ಈ ಗೊಂದಲವೇ ಇರುವುದಿಲ್ಲ.

ಕಳೆದುಕೊಳ್ಳುವುದು ಏನು

ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲಿ ಕರ್ತೃವನ್ನು ಹೊತ್ತುಕೊಂಡೇ ಇರುತ್ತದೆ. ಬರೆದೆ, ಬರೆದೆವು, ಬರೆದಳು, ಬರೆದರು. ಒಂದೇ ಪದದಲ್ಲಿ ಕೆಲಸವೂ ಇದೆ, ಮಾಡಿದವರೂ ಇದ್ದಾರೆ. ‘ಬರೆಯಲಾಯಿತು’ ಎಂದ ತಕ್ಷಣ ಆ ಬಾಲವನ್ನು ಕತ್ತರಿಸಿ, ಮೇಲೆ ಎರಡು ಅಕ್ಷರ ಹೆಚ್ಚು ಸೇರಿಸಿದ ಹಾಗಾಯಿತು. ‘ಪರಿಶೀಲಿಸಿದೆವು’ ಚಿಕ್ಕದು, ಪೂರ್ಣವಾದದ್ದು. ‘ಪರಿಶೀಲಿಸಲಾಯಿತು’ ಉದ್ದವೂ ಹೌದು, ಅಪೂರ್ಣವೂ ಹೌದು.

ಇನ್ನೊಂದು ನಷ್ಟ ಅರ್ಥದ್ದು. ‘ಇಂದ’ ಎನ್ನುವ ಪ್ರತ್ಯಯ ಮಾಡಿದವರನ್ನೂ ಹೇಳುತ್ತದೆ, ಹೊರಟ ಜಾಗವನ್ನೂ ಹೇಳುತ್ತದೆ. ‘ಬ್ಯಾಂಕಿನಿಂದ ಹಣ ಪಡೆಯಲಾಗಿದೆ’: ಬ್ಯಾಂಕು ಪಡೆಯಿತೇ, ಬ್ಯಾಂಕಿನ ಬಳಿ ಬೇರೆಯವರು ಪಡೆದರೇ? ಸುದ್ದಿಯ ತಲೆಬರಹದಲ್ಲಿ ‘ಗ್ರಾಮಸ್ಥರಿಂದ ಚಿರತೆ ರಕ್ಷಣೆ’ ಎಂದಿದ್ದರೆ ಗ್ರಾಮಸ್ಥರು ಚಿರತೆಯನ್ನು ಉಳಿಸಿದರೋ, ಅವರ ಕೈಯಿಂದ ಅರಣ್ಯ ಸಿಬ್ಬಂದಿ ಉಳಿಸಿದರೋ ಗೊತ್ತಾಗುವುದಿಲ್ಲ. ‘ಚಿರತೆ ಉಳಿಸಿದ ಗ್ರಾಮಸ್ಥರು’ ಎಂದರೆ ಅಕ್ಷರವೂ ಹೆಚ್ಚಿಲ್ಲ, ಸಂಶಯವೂ ಇಲ್ಲ.

ನಿಷೇಧದಲ್ಲಿ ತೊಡಕು ಇನ್ನೂ ದೊಡ್ಡದು. ‘ಲಾಗು’ ಸಾಧ್ಯತೆಯನ್ನೂ ಸೂಚಿಸುವ ರೂಪ (‘ನನಗೆ ಬರಲಾಗಲಿಲ್ಲ’). ಹಾಗಾಗಿ ‘ಮಕ್ಕಳಿಗೆ ಲಸಿಕೆ ಹಾಕಲಾಗಲಿಲ್ಲ’ ಎಂದರೆ ಹಾಕಲು ಆಗಲಿಲ್ಲವೋ, ಹಾಕದೇ ಬಿಟ್ಟರೋ? ಮೊದಲನೆಯದು ಅಡಚಣೆ, ಎರಡನೆಯದು ನಿರ್ಲಕ್ಷ್ಯ. ‘ಲಸಿಕೆ ಬಂದಿರಲಿಲ್ಲ, ನರ್ಸ್ ಹಾಕಲಿಲ್ಲ’ ಎಂದು ಬಿಡಿಸಿ ಬರೆದರೆ ಓದುಗರಿಗೆ ಕಾರಣ ಸಿಗುತ್ತದೆ.

ಹಂತ 1: ಹುಡುಕಿ ಗುರುತು ಹಾಕಿ

ಕರಡು ಮುಗಿಯುವವರೆಗೆ ಇದರ ಗೊಡವೆ ಬೇಡ. ಬರೆಯುತ್ತಲೇ ತಿದ್ದಲು ಹೋದರೆ ಬರಹ ಮುಂದೆ ಹೋಗುವುದಿಲ್ಲ. ಮುಗಿದ ಮೇಲೆ ಕಂಪ್ಯೂಟರಿನ ಹುಡುಕುವ ಪೆಟ್ಟಿಗೆಯಲ್ಲಿ ಈ ತುಣುಕುಗಳನ್ನು ಒಂದೊಂದಾಗಿ ಹಾಕಿ: ಲಾಗ, ಲಾಯಿತು, ಲಾದ, ಲ್ಪಟ್, ಲ್ಪಡ, ವತಿಯಿಂದ, ಮೂಲಕ, ತಕ್ಕದ್ದು, ಬೇಕಾಗಿರುತ್ತದೆ. ಸಿಕ್ಕ ಕಡೆಯೆಲ್ಲ ಹಳದಿ ಬಣ್ಣ ಬಳಿಯಿರಿ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟಿನ ಕಡತವಾದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಹುಡುಕಾಟ ಕೈಕೊಡುತ್ತದೆ.

‘ಲಾಗ’ ಹುಡುಕಿದಾಗ ಬದಲಾಗಿದೆ, ಕಂಗಾಲಾಗಿ, ಪಾಲಾಗಿ, ಬ್ಲಾಗು, ಲಾಗಿನ್ ಎಲ್ಲವೂ ಬರುತ್ತವೆ. ‘ಲಾದ’ಕ್ಕೆ ‘ಮೊದಲಾದ’ ಬರುತ್ತದೆ. ಇವು ಕರ್ಮಣಿಯಲ್ಲ, ದಾಟಿ ಹೋಗಿ.

ದಾಟಬೇಕಾದ ಇನ್ನೂ ಕೆಲವಿವೆ. ‘ಸಂತೋಷಪಟ್ಟ’, ‘ಕಷ್ಟಪಟ್ಟ’, ‘ಬೇರ್ಪಟ್ಟ’ ಇವುಗಳಲ್ಲಿ ‘ಪಡು’ ಇದ್ದರೂ ಇವು ಸಹಜ ಕರ್ತರಿ ರೂಪಗಳೇ. ‘ನನಗೆ ಹಸಿವಾಗಿದೆ’, ‘ನನಗೆ ಕನಸು ಬಿತ್ತು’, ‘ಅವಳಿಗೆ ಹಾಡು ಇಷ್ಟವಾಯಿತು’ ಕೂಡ ಕರ್ಮಣಿಯಲ್ಲ. ಅನುಭವಿಸುವವರಿಗೆ ‘ಗೆ’ ಹಚ್ಚಿ ಹೇಳುವುದು ಕನ್ನಡದ ಜಾಯಮಾನ. ಕರ್ತರಿ ಮಾಡುವ ಹುಮ್ಮಸ್ಸಿನಲ್ಲಿ ‘ಅವಳು ಹಾಡನ್ನು ಇಷ್ಟಪಟ್ಟಳು’ ಎಂದು ತಿದ್ದಿದರೆ ಒಳ್ಳೆಯ ವಾಕ್ಯವನ್ನು ಕೆಡಿಸಿದಂತೆ.

ಹಂತ 2: ಪ್ರತಿ ಗುರುತಿಗೂ ‘ಯಾರು?’ ಎಂದು ಕೇಳಿ

ಈ ಹಂತ ಬಿಟ್ಟು ಬರೀ ಕ್ರಿಯಾಪದ ತಿರುಗಿಸಿದರೆ ಏನೂ ಪ್ರಯೋಜನವಿಲ್ಲ. ಉತ್ತರ ಗೊತ್ತಿದ್ದು ಓದುಗರಿಗೂ ಅದು ಬೇಕಿದ್ದರೆ ಕರ್ತೃವನ್ನು ಬರೆಯಿರಿ. ಗೊತ್ತಿದ್ದರೂ ಮುಖ್ಯವಲ್ಲದಿದ್ದರೆ ಮುಂದೆ ಹೇಳುವ ಸಹಜ ದಾರಿಗಳಿವೆ. ಉತ್ತರ ನಿಮಗೇ ಗೊತ್ತಿಲ್ಲದಿದ್ದರೆ ಬರಹ ನಿಲ್ಲಿಸಿ ವಿಚಾರಿಸಿ. ‘ಕ್ರಮ ಕೈಗೊಳ್ಳಲಾಗುವುದು’ ಎಂದು ಬರೆಯುವ ಎಷ್ಟೋ ಮಂದಿಗೆ ಕ್ರಮ ಕೈಗೊಳ್ಳುವವರು ಯಾರು ಎಂದು ಗೊತ್ತಿರುವುದಿಲ್ಲ. ಆ ರೂಪ ಅವರ ಅಜ್ಞಾನವನ್ನು ಅವರಿಂದಲೇ ಮುಚ್ಚಿಡುತ್ತದೆ. ಗೊತ್ತಿದ್ದೂ ಬೇಕೆಂದೇ ಬಚ್ಚಿಡುತ್ತಿದ್ದರೆ, ಬಚ್ಚಿಡಲು ನ್ಯಾಯವಾದ ಕಾರಣ ಇದೆಯೇ ನೋಡಿಕೊಳ್ಳಿ.

ಸುದ್ದಿ ಬರೆಯುವವರು ‘ಎನ್ನಲಾಗಿದೆ’, ‘ಹೇಳಲಾಗುತ್ತಿದೆ’, ‘ಆರೋಪಿಸಲಾಗಿದೆ’ ಇವುಗಳ ಮುಂದೆ ಈ ಪ್ರಶ್ನೆಯನ್ನು ಕಡ್ಡಾಯವಾಗಿ ಕೇಳಬೇಕು. ಹೇಳಿದವರು ಯಾರು? ‘ಕಾಮಗಾರಿ ಕಳಪೆ ಎನ್ನಲಾಗಿದೆ’ ಎಂಬ ಸಾಲಿಗೆ ಯಾರೂ ಹೊಣೆಯಲ್ಲ. ‘ಕಾಮಗಾರಿ ಕಳಪೆ ಎಂದು ಬಡಾವಣೆಯ ನಿವಾಸಿಗಳು ದೂರಿನಲ್ಲಿ ಬರೆದಿದ್ದಾರೆ’ ಎಂದರೆ ಓದುಗರು ಆ ಮಾತಿನ ತೂಕವನ್ನು ತಾವೇ ಅಳೆಯಬಲ್ಲರು.

ಹಂತ 3: ವಿಭಕ್ತಿ, ಕ್ರಿಯಾಪದ ಸರಿಪಡಿಸಿ

‘ಗ್ರಾಮ ಪಂಚಾಯಿತಿ ವತಿಯಿಂದ ಶಾಲೆಯ ಆವರಣದಲ್ಲಿ ಸಸಿಗಳನ್ನು ನೆಡಲಾಯಿತು.’ ‘ವತಿಯಿಂದ’ ಕಿತ್ತುಹಾಕಿ. ಈಗ ಕರ್ತೃ ‘ಪಂಚಾಯಿತಿ’. ಆದರೆ ಕೈಗೆ ಮಣ್ಣು ಮಾಡಿಕೊಂಡವರು ಯಾರು? ಮಕ್ಕಳಾದರೆ ‘ಮಕ್ಕಳು ಸಸಿ ನೆಟ್ಟರು, ಸಸಿ ಕೊಟ್ಟದ್ದು ಪಂಚಾಯಿತಿ’. ಪಂಚಾಯಿತಿ ಬೇರೆಯವರ ಕೈಲಿ ಮಾಡಿಸಿದ್ದರೆ ‘ಪಂಚಾಯಿತಿ ಸಸಿ ನೆಡಿಸಿತು’. ‘ಇಸು’ ಪ್ರತ್ಯಯ ಇಲ್ಲಿ ದೊಡ್ಡ ಆಸ್ತಿ. ಗೋಲಗುಮ್ಮಟವನ್ನು ಮೊಹಮ್ಮದ್ ಆದಿಲ್ ಷಾ ‘ಕಟ್ಟಿಸಿದ’. ಆಜ್ಞೆ ಅವನದು, ಕೈ ಬೇರೆಯವರದು ಎಂಬ ಎರಡೂ ವಿಷಯ ಒಂದೇ ಪದದಲ್ಲಿ ನಿಂತಿವೆ.

ಕ್ರಿಯಾಪದದ ಹೊಂದಾಣಿಕೆಯಲ್ಲಿ ಎಡವುವ ಜಾಗ ಸಂಸ್ಥೆಯ ಹೆಸರುಗಳು. ‘ಸಮಿತಿ ತೀರ್ಮಾನಿಸಿತು’ ಸರಿ. ‘ಸಮಿತಿಯವರು ತೀರ್ಮಾನಿಸಿದರು’ ಸರಿ. ‘ಸಮಿತಿ ತೀರ್ಮಾನಿಸಿದರು’ ತಪ್ಪು. ಮೊದಲ ಸಾಲಿನಲ್ಲಿ ಯಾವುದನ್ನು ಹಿಡಿದಿರೋ ಕೊನೆಯವರೆಗೂ ಅದನ್ನೇ ಹಿಡಿಯಿರಿ.

‘ನಾವು’ ಎಂದು ಪ್ರತಿ ವಾಕ್ಯದಲ್ಲೂ ಬರೆಯಬೇಕಿಲ್ಲ. ‘ಅರ್ಜಿ ಓದಿದೆವು, ಜಾಗ ನೋಡಿದೆವು, ವರದಿ ಕಳಿಸಿದ್ದೇವೆ’ ಎಂದರೆ ‘ನಾವು’ ತಾನಾಗಿ ಕೇಳಿಸುತ್ತದೆ. ಕರ್ತರಿಯಲ್ಲಿ ಬರೆದರೆ ‘ನಾನು ನಾನು’ ಎಂದು ಅಹಂಕಾರ ಕಾಣುತ್ತದೆ ಎಂಬ ಹೆದರಿಕೆಗೆ ಕನ್ನಡದಲ್ಲಿ ಆಧಾರವಿಲ್ಲ.

ಹಂತ 4: ನಾಮಪದದಲ್ಲಿ ಸಿಕ್ಕಿಬಿದ್ದ ಕ್ರಿಯೆಯನ್ನು ಬಿಡಿಸಿ

ಕರ್ಮಣಿ ಒಂಟಿಯಾಗಿ ಬರುವುದು ಕಡಿಮೆ. ಜೊತೆಗೆ ‘ಪರಿಶೀಲನೆ ನಡೆಸು’, ‘ಕ್ರಮ ಕೈಗೊಳ್ಳು’, ‘ದುರಸ್ತಿ ಕಾರ್ಯ ನಿರ್ವಹಿಸು’ ಎಂಬ ಜೋಡಿಗಳನ್ನು ಎಳೆದು ತರುತ್ತದೆ. ‘ಪರಿಶೀಲನೆ ನಡೆಸಲಾಯಿತು’ ಎಂಬುದನ್ನು ‘ಪರಿಶೀಲನೆ ನಡೆಸಿದರು’ ಎಂದು ಮಾಡಿದರೆ ಅರ್ಧ ಕೆಲಸ. ‘ಪರಿಶೀಲಿಸಿದರು’ ಇನ್ನೂ ಒಳ್ಳೆಯದು. ಸಾಧ್ಯವಿದ್ದಲ್ಲಿ ‘ಲೆಕ್ಕದ ಪುಸ್ತಕ ತೆರೆದು ನೋಡಿದರು’ ಎಂದು ನಿಜವಾಗಿ ನಡೆದದ್ದನ್ನು ಬರೆಯಿರಿ.

ಹಂತ 5: ಒತ್ತು ಬೇಕೆಂದರೆ ಪದಗಳನ್ನು ಸರಿಸಿ, ರೂಪ ಬದಲಿಸಬೇಡಿ

ಮಾರ್ಗದರ್ಶಿಯ ತಿರುಳು ಇಲ್ಲಿದೆ. ಇಂಗ್ಲಿಷಿನಲ್ಲಿ ಪದದ ಜಾಗವೇ ಅದರ ಕೆಲಸವನ್ನು ತೀರ್ಮಾನಿಸುತ್ತದೆ. ಕರ್ಮವನ್ನು ವಾಕ್ಯದ ಮೊದಲಿಗೆ ತರಬೇಕೆಂದರೆ ಸಾಮಾನ್ಯವಾಗಿ ಕರ್ಮಣಿಗೆ ಹೋಗಬೇಕಾಗುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ವಿಭಕ್ತಿ ಪ್ರತ್ಯಯ ಮಾಡುತ್ತದೆ. ಪದ ಎಲ್ಲಿ ಕೂತರೂ ‘ಅನ್ನು’ ಇದ್ದರೆ ಅದು ಕರ್ಮವೇ.

‘ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರವನ್ನು ಆರಂಭಿಸಿದ.’ ಇದು ಮೋಗ್ಲಿಂಗ್ ಬಗೆಗಿನ ಲೇಖನಕ್ಕೆ ಸರಿ. ಕನ್ನಡ ಪತ್ರಿಕೋದ್ಯಮದ ಬಗೆಗಿನ ಲೇಖನವಾದರೆ ಪತ್ರಿಕೆ ಮುಂದೆ ಬರಬೇಕು: ‘ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಆರಂಭಿಸಿದವನು ಹರ್ಮನ್ ಮೋಗ್ಲಿಂಗ್.’ ವಿಷಯ ಮೊದಲು, ಒತ್ತು ಕೊನೆಗೆ, ರೂಪ ಕರ್ತರಿ. ‘ಮೋಗ್ಲಿಂಗ್‌ನಿಂದ ಆರಂಭಿಸಲ್ಪಟ್ಟಿತು’ ಎಂದು ಬರೆಯಲು ಒಂದೇ ಒಂದು ಕಾರಣ ಇಲ್ಲ.

ವಿಶೇಷಣವಾಗಿ ಬರುವ ಕ್ರಿಯೆಗೂ ಇದೇ ಮಾತು. ‘ಊರಿನವರಿಂದ ಕಟ್ಟಲ್ಪಟ್ಟ ಶಾಲೆ’ ಬೇಡ, ‘ಊರಿನವರು ಕಟ್ಟಿದ ಶಾಲೆ’ ಸಾಕು. ಕರ್ತೃ ಹೇಳದಿದ್ದರೂ ನಡೆಯುತ್ತದೆ: ಹುರಿದ ಕಡಲೆ, ಬೇಯಿಸಿದ ಆಲೂಗಡ್ಡೆ, ಒಗೆದ ಬಟ್ಟೆ. ‘ಹುರಿಯಲ್ಪಟ್ಟ ಕಡಲೆ’ ಎಂದು ಯಾವ ಅಂಗಡಿಯಲ್ಲೂ ಕೇಳುವುದಿಲ್ಲ. ಆದರೂ ಅನುವಾದಗಳಲ್ಲಿ ‘ಆಯ್ಕೆ ಮಾಡಲ್ಪಟ್ಟ ಕಡತಗಳು’, ‘ನೋಂದಾಯಿಸಲ್ಪಟ್ಟ ಬಳಕೆದಾರರು’ ಸಾಲುಗಟ್ಟಿ ನಿಲ್ಲುತ್ತವೆ. ‘ಆರಿಸಿದ ಕಡತಗಳು’, ‘ನೋಂದಾಯಿಸಿಕೊಂಡವರು’ ಎಂದು ಬದಲಿಸಿ.

ಹಂತ 6: ಕರ್ತೃ ಬೇಡವೆನಿಸಿದರೆ ಕನ್ನಡದ್ದೇ ದಾರಿ ಹಿಡಿಯಿರಿ

ಮಾಡಿದವರು ಮುಖ್ಯವಲ್ಲದಿದ್ದಾಗಲೂ ‘ಲಾಗಿದೆ’ಗೆ ಹೋಗಬೇಕಿಲ್ಲ. ಕರ್ತೃವನ್ನು ಬಿಟ್ಟು ಬಹುವಚನದ ಕ್ರಿಯಾಪದ ಹಾಕಿ: ‘ಕರೆಂಟು ತೆಗೆದಿದ್ದಾರೆ’, ‘ಈ ಭಾಗದಲ್ಲಿ ರಾಗಿ ಬೆಳೆಯುತ್ತಾರೆ’, ‘ಮನೆಗೆ ಕನ್ನ ಹಾಕಿದ್ದಾರೆ’. ಅಥವಾ ಅಕರ್ಮಕ (ಕರ್ಮ ಬೇಡದ) ಕ್ರಿಯಾಪದ ಬಳಸಿ. ‘ಕಾಮಗಾರಿಯನ್ನು ಪೂರ್ಣಗೊಳಿಸಲಾಗಿದೆ’ ಎನ್ನುವಲ್ಲಿ ‘ಕೆಲಸ ಮುಗಿದಿದೆ’. ‘ಕೇಂದ್ರವನ್ನು ತೆರೆಯಲಾಗಿದೆ’ ಎನ್ನುವಲ್ಲಿ ‘ಕೇಂದ್ರ ತೆರೆದಿದೆ’. ಆಕಸ್ಮಿಕವಾಗಿ ಆದದ್ದಕ್ಕೆ ‘ಹೋಗು’ ಇದೆ: ಮುರಿದುಹೋಯಿತು, ಅಳಿಸಿಹೋಯಿತು. ಸಹೋದ್ಯೋಗಿಯ ತಪ್ಪನ್ನು ನೋಯದಂತೆ ಹೇಳಲು ‘ಫೈಲು ಅಳಿಸಿಹೋಗಿದೆ’ ಎಂಬುದಕ್ಕಿಂತ ಮೃದುವಾದ ಮಾತಿಲ್ಲ.

ಕೆಲಸ ಯಾರ ಮೇಲೆ ನಡೆಯಿತೋ ಅವರ ಕಡೆಯಿಂದ ಹೇಳಬೇಕಾದಾಗ ಕನ್ನಡದ ಭಂಡಾರವೇ ಇದೆ. ಹೊಡೆಯಲ್ಪಟ್ಟವನು ‘ಏಟು ತಿಂದ’. ಹಿಡಿಯಲ್ಪಟ್ಟವನು ‘ಸಿಕ್ಕಿಬಿದ್ದ’. ಸೋಲಿಸಲ್ಪಟ್ಟವನು ‘ಸೋತ’. ಆಯ್ಕೆ ಮಾಡಲ್ಪಟ್ಟವರು ‘ಆಯ್ಕೆಯಾದರು’. ಟೀಕಿಸಲ್ಪಟ್ಟವರು ‘ಟೀಕೆಗೆ ಗುರಿಯಾದರು’. ಇವೆಲ್ಲ ರೂಪದಲ್ಲಿ ಕರ್ತರಿ, ಅರ್ಥದಲ್ಲಿ ಕರ್ಮದ ಕಡೆಯವು. ಕಥೆ, ವರದಿ ಬರೆಯುವವರು ಇಂಥವನ್ನು ಒಂದು ಹಾಳೆಯಲ್ಲಿ ಕೂಡಿಸಿಟ್ಟುಕೊಂಡರೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಅಡುಗೆ, ಯಂತ್ರದ ಬಳಕೆಯಂಥ ಸೂಚನೆಗಳಿಗೆ ವಿಧಿರೂಪ ಸಾಕು. ‘ಎಣ್ಣೆಯನ್ನು ಕಾಯಿಸಲಾಗುತ್ತದೆ’ ಅಲ್ಲ, ‘ಎಣ್ಣೆ ಕಾಯಿಸಿ’.

ಒಂದು ಪ್ಯಾರಾ ತಿದ್ದಿ ನೋಡೋಣ

ಊರಿನ ಸೂಚನಾ ಫಲಕಕ್ಕೆಂದು ಬರೆದ ಕರಡು ಹೀಗಿದೆ ಎಂದುಕೊಳ್ಳಿ:

‘ಸೋಮವಾರ ನಡೆಸಲಾದ ಸಭೆಯಲ್ಲಿ ಕುಡಿಯುವ ನೀರಿನ ಸಮಸ್ಯೆಯ ಬಗ್ಗೆ ಚರ್ಚೆ ನಡೆಸಲಾಗಿ, ಹಾಳಾಗಿರುವ ಪಂಪನ್ನು ದುರಸ್ತಿಪಡಿಸಲು ಅಗತ್ಯ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು. ಅಲ್ಲಿಯವರೆಗೆ ಟ್ಯಾಂಕರ್ ಮೂಲಕ ನೀರನ್ನು ಪೂರೈಸಲಾಗುವುದು. ಸಾರ್ವಜನಿಕರಿಂದ ನೀರು ಮಿತವಾಗಿ ಬಳಸಲ್ಪಡಬೇಕೆಂದು ಕೋರಲಾಗಿದೆ.’

ಮೂರು ವಾಕ್ಯ, ‘ಮೂಲಕ’ ಸೇರಿ ಏಳು ಗುರುತು. ಮೊದಲೆರಡು (ನಡೆಸಲಾದ, ನಡೆಸಲಾಗಿ) ಸುಲಭ: ‘ಸೋಮವಾರದ ಸಭೆಯಲ್ಲಿ ಚರ್ಚಿಸಿದೆವು’. ‘ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂಬಲ್ಲಿ ನಿಲ್ಲಬೇಕು. ಪಂಪು ರಿಪೇರಿ ಮಾಡಿಸುವವರು ಯಾರು, ಯಾವಾಗ? ಕರಡಿನಲ್ಲಿ ಉತ್ತರ ಇಲ್ಲ. ಕಾರ್ಯದರ್ಶಿಯನ್ನೋ ಅಧ್ಯಕ್ಷರನ್ನೋ ಕೇಳಿ ತಿಳಿಯಬೇಕು. ಟ್ಯಾಂಕರ್ ಸಾಲಿಗೂ ಅಷ್ಟೇ, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಿ. ಕೊನೆಯ ಸಾಲಿನಲ್ಲಿ ಕರ್ಮಣಿಯ ಮೇಲೆ ಕರ್ಮಣಿ ಕೂತಿದೆ, ಓದುವವರೇ ‘ಸಾರ್ವಜನಿಕರು’. ನೇರವಾಗಿ ಅವರಿಗೇ ಹೇಳಬಹುದು.

‘ಸೋಮವಾರದ ಸಭೆಯಲ್ಲಿ ಕುಡಿಯುವ ನೀರಿನ ತೊಂದರೆಯನ್ನು ಚರ್ಚಿಸಿದೆವು. ಕೆಟ್ಟ ಪಂಪನ್ನು ಪಂಚಾಯಿತಿ ಇದೇ 20ರೊಳಗೆ ರಿಪೇರಿ ಮಾಡಿಸುತ್ತದೆ. ನೀರುಗಂಟಿ ಕೆಲಸ ನೋಡಿಕೊಳ್ಳುತ್ತಾರೆ. ಅಲ್ಲಿಯವರೆಗೆ ದಿನ ಬಿಟ್ಟು ದಿನ ಬೆಳಿಗ್ಗೆ 7ಕ್ಕೆ ಟ್ಯಾಂಕರ್ ಬರುತ್ತದೆ. ದಯವಿಟ್ಟು ನೀರನ್ನು ಮಿತವಾಗಿ ಬಳಸಿ.’

ಪದಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಆದರೆ ಕರಡಿನಲ್ಲಿ ಇಲ್ಲದಿದ್ದ ತಾರೀಕು, ಹೊತ್ತು, ಹೊಣೆ ಮೂರೂ ಬಂದಿವೆ. ಅವನ್ನು ಹೊರತಂದದ್ದು ‘ಯಾರು?’ ಎಂಬ ಪ್ರಶ್ನೆ.

ಅರ್ಜಿ, ದೂರು ಬರೆಯುವಾಗ

ಮಾಹಿತಿ ಹಕ್ಕು ಕಾಯ್ದೆ 2005ರ ಅಡಿ ಅರ್ಜಿ ಹಾಕುವವರು ‘ನನ್ನ ಮನವಿಯ ಮೇಲೆ ಯಾವ ಕ್ರಮ ಕೈಗೊಳ್ಳಲಾಗಿದೆ ಎಂದು ತಿಳಿಸಿ’ ಎಂದು ಬರೆಯುತ್ತಾರೆ. 30 ದಿನ ಕಾದ ಮೇಲೆ ‘ಪರಿಶೀಲಿಸಲಾಗುತ್ತಿದೆ’ ಎಂಬ ಉತ್ತರ ಬರಲು ಈ ಪ್ರಶ್ನೆಯೇ ದಾರಿ ಮಾಡಿಕೊಡುತ್ತದೆ. ಬದಲಿಗೆ ಹೀಗೆ ಕೇಳಿ: ‘ನನ್ನ ಮನವಿ ಈಗ ಯಾವ ಹುದ್ದೆಯ ಅಧಿಕಾರಿಯ ಬಳಿ ಇದೆ? ಯಾವ ದಿನ ಅವರಿಗೆ ತಲುಪಿತು? ಅವರು ಕಡತದಲ್ಲಿ ಬರೆದ ಟಿಪ್ಪಣಿಯ ನಕಲು ಕೊಡಿ.’ ಕಾಯ್ದೆ ಕೊಡಿಸುವುದು ದಾಖಲೆಗಳನ್ನು. ಕರ್ತೃ, ದಿನಾಂಕ, ದಾಖಲೆ ಮೂರನ್ನೂ ಹೆಸರಿಸಿದ ಪ್ರಶ್ನೆಗೆ ತೇಲಿಸುವ ಉತ್ತರ ಕೊಡುವುದು ಕಷ್ಟ. ಕರ್ನಾಟಕದ ನಿಯಮ ಅರ್ಜಿಯನ್ನು ಒಂದೇ ವಿಷಯಕ್ಕೆ, 150 ಪದಗಳಿಗೆ ಮಿತಿಗೊಳಿಸಿರುವುದರಿಂದ ಕಡಿಮೆ ಪದಗಳ ನೇರ ವಾಕ್ಯಗಳು ಇಲ್ಲಿ ಇನ್ನೂ ಹೆಚ್ಚು ನೆರವಾಗುತ್ತವೆ.

ಕ್ಷಮೆ ಕೇಳುವಾಗಲೂ ಕರ್ತರಿಯೇ ಬೇಕು. ‘ಉಂಟಾದ ಅಡಚಣೆಗೆ ವಿಷಾದಿಸಲಾಗುತ್ತದೆ’ ಎಂಬುದರಲ್ಲಿ ವಿಷಾದಿಸುವವರೇ ಇಲ್ಲ. ‘ಎರಡು ದಿನ ತಡ ಮಾಡಿದೆವು, ಕ್ಷಮಿಸಿ’ ಎಂದರೆ ಕೇಳಿದವರ ಮನಸ್ಸಿಗೆ ತಾಗುತ್ತದೆ.

ಎಲ್ಲಿ ಹಾಗೇ ಬಿಡಬೇಕು

ಪ್ರಯೋಗದ ವರದಿಯಲ್ಲಿ ‘ಮಣ್ಣಿನ ಮಾದರಿಯನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಲಾಯಿತು’ ಎಂದಿದ್ದರೆ ತೊಂದರೆಯಿಲ್ಲ; ಯಾರು ಒಣಗಿಸಿದರೂ ಫಲಿತಾಂಶ ಒಂದೇ ಆಗಬೇಕು ಎಂಬುದೇ ಅಲ್ಲಿನ ಆಶಯ. ಮಾಹಿತಿ ಕೊಟ್ಟವರ ಜೀವಕ್ಕೋ ಕೆಲಸಕ್ಕೋ ಅಪಾಯವಿದ್ದರೆ ಅವರನ್ನು ವಾಕ್ಯದಿಂದ ಹೊರಗಿಡುವುದು ನಿಮ್ಮ ಕರ್ತವ್ಯ; ‘ದೂರು ಬಂದಿದೆ’ ಎಂದು ಬರೆದು ನಿಲ್ಲಿಸಿ. ಕಾನೂನಿನ ಪಠ್ಯವನ್ನು ಉದ್ಧರಿಸುವಾಗ ‘ತಕ್ಕದ್ದು’ ಮುಟ್ಟಬೇಡಿ, ಅದಕ್ಕೆ ನಿಶ್ಚಿತ ಅರ್ಥವಿದೆ. ವಿವರಣೆ ನಿಮ್ಮದಾದಾಗ ಮಾತ್ರ ‘ಸಲ್ಲಿಸಬೇಕು’ ಎನ್ನಿ.

ಕೊನೆಯ ತಪಾಸಣೆ

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ಒಂದು ಸುಲಭ ಪರೀಕ್ಷೆ ಸಾಧ್ಯ. ಪುಟವನ್ನು ಮುದ್ರಿಸಿ, ಪ್ರತಿ ವಾಕ್ಯದ ಕೊನೆಯ ಪದಕ್ಕೆ ಮಾತ್ರ ಗೆರೆ ಎಳೆದು, ಅವುಗಳನ್ನಷ್ಟೇ ಮೇಲಿಂದ ಕೆಳಗೆ ಗಟ್ಟಿಯಾಗಿ ಓದಿ. ‘ಲಾಗಿದೆ, ಲಾಗಿದೆ, ಲಾಯಿತು, ಲಾಗುವುದು’ ಎಂದು ಒಂದೇ ರಾಗ ಹೊರಟರೆ ಪುಟದಲ್ಲಿ ಮನುಷ್ಯರಿಲ್ಲ ಎಂದರ್ಥ. ಹಂತ 2ಕ್ಕೆ ಹಿಂತಿರುಗಿ. ‘ದರು, ದಳು, ದೆವು, ತ್ತಾರೆ, ಮುಗಿದಿದೆ, ಬಳಸಿ’ ಎಂದು ಬೇರೆ ಬೇರೆ ಬಾಲಗಳು ಕೇಳಿದರೆ ತಿದ್ದುಪಡಿ ಹಿಡಿದಿದೆ. ಎ4 ಅಳತೆಯ ಪುಟದಲ್ಲಿ ಎರಡು ಮೂರು ‘ಲಾಗಿದೆ’ ಉಳಿದರೆ ಪರವಾಗಿಲ್ಲ, ಆದರೆ ಉಳಿದ ಪ್ರತಿಯೊಂದರ ಪಕ್ಕದ ಅಂಚಿನಲ್ಲಿ ಅದನ್ನು ಏಕೆ ಬಿಟ್ಟಿರಿ ಎಂದು ಪೆನ್ಸಿಲಿನಲ್ಲಿ ಒಂದು ಪದ ಬರೆದುಕೊಳ್ಳಿ: ‘ಸುರಕ್ಷತೆ’, ‘ಪ್ರಯೋಗ’, ‘ಕಾನೂನು’. ಅಂಚಿನಲ್ಲಿ ಬರೆಯಲು ಕಾರಣ ತೋಚದಿದ್ದರೆ ಆ ವಾಕ್ಯವನ್ನೂ ತಿದ್ದಿ.